ಕ್ವಾರಿಯ ಬೇಲಿಯಲ್ಲಿ ನಾನು ಬಿಟ್ಟ ತಡಮೆ

ಮರದ ಕಂಬವನ್ನು ಕಾಂಕ್ರೀಟಿನಲ್ಲಿ ನಿಲ್ಲಿಸುವುದು ದೊಡ್ಡ ವಿದ್ಯೆಯೇನಲ್ಲ. ಗುಂಡಿ ತೋಡಬೇಕು, ಕಂಬ ಇಳಿಸಬೇಕು, ಸುತ್ತ ಕಾಂಕ್ರೀಟು ತುಂಬಬೇಕು. ಹೀಗೆಂದು ಹೇಳಿಯೇ ಕ್ವಾರಿಯ ಸೂಪರ್‌ವೈಜರು ನನ್ನನ್ನು ಮಲಾಡಿಗೆ ಕರೆಸಿದ್ದರು. ನನಗೋ ಆಗ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಾಗಿಲು ಕಿಟಕಿ ಮಾಡುವವನನ್ನು ಸಯನ್‌ನಿಂದ ಅಷ್ಟು ದೂರ, ದಾದರಿನಲ್ಲಿ ಗಾಡಿ ಬದಲಾಯಿಸಿ ಬರುವಂತೆ ಮಾಡಿ ಬೇಲಿ ಕಟ್ಟು ಅಂದರೆ ಯಾರಿಗೆ ಸರಿಹೋದೀತು?

"ಬೇಲಿಗೆ ಬಡಗಿ ಯಾಕೆ ಸಾಹೇಬ್ರೆ? ಇಬ್ಬರು ಕೂಲಿ ಸಾಕಲ್ದಾ?" ಎಂದು ಕೇಳಿಯೇಬಿಟ್ಟೆ.

ಸೂಪರ್‌ವೈಜರು ಧಾರವಾಡದ ಕಡೆಯವರು. ಸಿಟ್ಟಾಗಲಿಲ್ಲ. "ಹ್ವಾದ ವರ್ಷ ಕೂಲಿಯವರ ಕಡೆಯಿಂದನ ಹಾಕಿಸಿದ್ವಿ. ಮಳಿಗಾಲ ಮುಗಿಯೂದ್ರಾಗ ಚಾಳಿನ ಮಂದಿ ಕಿತ್ತು ಒಲಿಗೆ ಹಚ್ಚಿದ್ರು. ಈ ಸಲ ಅಲಗಾಡಬಾರ್ದು ನೋಡ್ರಿ, ಅಂಥಾದ್ದು ಬೇಕು. ಅಲ್ಲೆ ಮನುಷಾ ಬಿದ್ದು ಸತ್ತಾನ" ಎಂದರು.

ಸತ್ತವನು ಯಾರೆಂದು ಕೇಳಿದೆ. ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವನಂತೆ, ಕುಂದಾಪುರದ ಕಡೆಯವನು. ಮಳೆಗಾಲದ ಒಂದು ರಾತ್ರಿ ಅಡ್ಡದಾರಿ ಹಿಡಿದು ಬರುವಾಗ ಗುಂಡಿಯ ಅಂಚು ಕಾಣದೆ ಒಳಗೆ ಹೋಗಿದ್ದ. ನನಗೆ ಅವನ ಮುಖಪರಿಚಯವೂ ಇರಲಿಲ್ಲ. ಆದರೂ ನಮ್ಮ ಊರಿನ ಕಡೆಯವನು ಅಂದಮೇಲೆ ನಾನು ಇಲ್ಲ ಅನ್ನಲಿಲ್ಲ. ಮಳೆ ಹಿಡಿಯುವುದರೊಳಗೆ ಬೇಲಿ ನಿಲ್ಲಿಸಿ ಕೊಡುತ್ತೇನೆ, ಆ ಗುಂಡಿಗೆ ಇನ್ನೊಬ್ಬರು ಬೀಳಬಾರದು ಎಂದು ಒಪ್ಪಿಕೊಂಡೆ.

ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಮಲಾಡಿನ ಪೂರ್ವಕ್ಕೆ, ಗುಡ್ಡದ ಬುಡದಲ್ಲಿ, ಕಲ್ಲು ತೆಗೆದು ತೆಗೆದು ಬಿಟ್ಟ ಒಂದು ಹಳೇ ಗುಂಡಿ. ಕೆಳಗೆ ಬೇಸಗೆಯಲ್ಲೂ ಹಸಿರು ನೀರು. ಈಚೆ ಬದಿಗೆ ಕಲ್ಲು ಒಡೆಯುವವರ ಸಾಲುಮನೆಗಳ ಚಾಳು. ಆಚೆ ಬದಿಗೆ ಈಗ ಕೆಲಸ ನಡೆಯುತ್ತಿದ್ದ ಹೊಸ ಕ್ವಾರಿ. ಎರಡರ ನಡುವೆ ಗುಂಡಿಯ ಅಂಚಿನಲ್ಲೇ ಎರಡು ಮೊಳ ಅಗಲದ ಒಂದು ಕಾಲುದಾರಿ. ಆ ದಾರಿ ಬೇಡವೆಂದರೆ ದೊಡ್ಡ ರಸ್ತೆಗೆ ಇಳಿದು ಮುಕ್ಕಾಲು ಮೈಲು ಸುತ್ತಬೇಕು. ಬೇಲಿ ಬರಬೇಕಾದದ್ದು ಚಾಳಿನ ಬದಿಗೆ, ಅಂಚಿನಿಂದ ಆರು ಅಡಿ ಈಚೆಗೆ, ಒಂದು ತುದಿಯಿಂದ ರಸ್ತೆಯವರೆಗೆ. ಒಟ್ಟು ಅರವತ್ತೆರಡು ಕಂಬ.

"ಒಂದು ನಾಯಿ ಸೈತ ದಾಟಬಾರ್ದು" ಎಂದು ಸೂಪರ್‌ವೈಜರು ಬೆರಳೆತ್ತಿ ಹೇಳಿದ್ದರು.

ರೇ ರೋಡಿನ ಲಕ್ಕಡ ಬಜಾರಿನಲ್ಲಿ ಎರಡು ದಿನ ಅಲೆದು ಐನ್ ಮರದ ಕಂಬ ಆರಿಸಿದೆ. ಅಲ್ಲಿಯವರು ಐನ್ ಅನ್ನುವುದು ನಮ್ಮೂರ ಮತ್ತಿ ಮರವನ್ನೇ. ನೀರು ಕುಡಿದರೂ ಬೇಗ ಕೊಳೆಯುವುದಿಲ್ಲ. ಏಳು ಅಡಿ ಉದ್ದ, ಅದರಲ್ಲಿ ಎರಡೂವರೆ ಅಡಿ ನೆಲದೊಳಗೆ. ಬುಡ ಯಾವುದು, ತುದಿ ಯಾವುದು ಎಂದು ಗಂಟು ನೋಡಿ, ಎಳೆ ನೋಡಿ ಗುರುತು ಹಾಕಿಕೊಂಡೆ. ಮರ ಬೆಳೆದಾಗ ಯಾವ ಬದಿ ಕೆಳಗಿತ್ತೋ ಅದೇ ಬದಿ ಕೆಳಗಿರಬೇಕು, ಕಂಬ ತಲೆಕೆಳಗಾಗಬಾರದು. ಇದು ಅಪ್ಪ ಹೇಳಿಕೊಟ್ಟದ್ದು. ಬೇಲಿಯ ಕಂಬಕ್ಕೆ ಇಷ್ಟೆಲ್ಲ ಯಾಕೆ ಎಂದು ನನಗೆ ಕೊಟ್ಟಿದ್ದ ಇಬ್ಬರು ಕೂಲಿಯವರೂ ನಕ್ಕರು. ರತ್ನಾಗಿರಿಯ ಅಣ್ಣತಮ್ಮಂದಿರು ಅವರು, ನಗಲಿ ಎಂದು ಬಿಟ್ಟೆ. ಪ್ರತಿ ಕಂಬದ ಬುಡವನ್ನೂ ತೆಂಗಿನ ಸಿಪ್ಪೆಯ ಬೆಂಕಿಯಲ್ಲಿ ಮೂರಡಿಯವರೆಗೆ ಕರಿಕಲಾಗುವಂತೆ ಸುಟ್ಟು, ಬಿಸಿ ಆರುವ ಮುಂಚೆಯೇ ಡಾಂಬರು ಬಳಿದೆ. ಅಡ್ಡಪಟ್ಟಿ ಕೂರಿಸುವ ಕಿಂಡಿಗಳನ್ನು ಕಂಬ ನಿಲ್ಲಿಸುವ ಮೊದಲೇ ಕೊರೆದಿಟ್ಟೆ. ನಿಂತ ಕಂಬಕ್ಕೆ ಉಳಿ ಹಾಕಿ ಬಡಿದರೆ ಬುಡ ಸಡಿಲಾಗುತ್ತದೆ.

ಗುಂಡಿ ತೋಡಲು ಶುರುಮಾಡಿದ ದಿನವೇ ಗ್ರಹಚಾರ ವಕ್ಕರಿಸಿತು. ಮೇಲೆ ಒಂದಡಿ ಸಡಿಲ ಮುರುಮು ಮಣ್ಣು, ಅದರ ಕೆಳಗೆ ಕರಿಬಂಡೆ. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತೇ ಹೊರತು ಕಲ್ಲು ಕದಲುತ್ತಿರಲಿಲ್ಲ. ದಿನಕ್ಕೆ ಆರು ಗುಂಡಿ ಎಂದು ನಾನು ಹಾಕಿದ್ದ ಲೆಕ್ಕ ಎರಡಕ್ಕೆ ಇಳಿಯಿತು. ಬಂಡೆಯಲ್ಲಿ ಕೊರೆದ ಗುಂಡಿಯಲ್ಲಿ ಇನ್ನೊಂದು ತಾಪತ್ರಯ. ಒಂದು ಕೊಡ ನೀರು ಹಾಕಿ ನೋಡಿದೆ. ಮಾರನೆಯ ದಿನವೂ ಅಷ್ಟೇ ನೀರು ಹಾಗೇ ನಿಂತಿತ್ತು. ತಳಕ್ಕೆ ಕಾಂಕ್ರೀಟು ಹಾಕಿ ಅದರ ಮೇಲೆ ಕಂಬ ಇಟ್ಟರೆ ಬಟ್ಟಲಲ್ಲಿ ಇಟ್ಟ ಹಾಗಾಗುತ್ತದೆ, ಎರಡು ಮಳೆಗಾಲಕ್ಕೆ ಕಂಬ ಪುಡಿಯಾಗುತ್ತದೆ. ಹಾಗಾಗಿ ಗುಂಡಿಯ ಹೊರಮೈಗೆ ಇಳಿಜಾರಿನ ಕಡೆ ಒಂದು ಸಣ್ಣ ಕಾಲುವೆ ಕೊರೆಸಿದೆ. ತಳಕ್ಕೆ ಗೇಣುದ್ದ ಒಡೆದ ಕಲ್ಲು ತುಂಬಿ ಅದರ ಮೇಲೆ ಕಂಬ ನಿಲ್ಲಿಸಿದೆ. ಕಾಂಕ್ರೀಟು ಸುತ್ತಲೂ ಮಾತ್ರ, ಅಡಿಗಿಲ್ಲ. ಮೇಲ್ಬದಿಯನ್ನು ನೆಲಕ್ಕಿಂತ ಎರಡು ಬೆರಳು ಎತ್ತರಿಸಿ, ಮಳೆನೀರು ಹೊರಗೆ ಹರಿಯುವಂತೆ ಕರಣೆಯಲ್ಲಿ ಇಳಿಜಾರು ಮಾಡಿದೆ.

ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಐವತ್ತರ ದಶಕ ಅದು. ಕಷ್ಟಪಟ್ಟು ಸಿಕ್ಕ ಚೀಲಗಳಲ್ಲಿ ಮೂರು ಆಗಲೇ ಹೆಂಟೆಗಟ್ಟಿದ್ದವು. ಮರಳು ಬಂದಾಗ ಒಂದು ಚಿಟಿಕೆ ನಾಲಿಗೆಯ ಮೇಲೆ ಇಟ್ಟುಕೊಂಡೆ, ಉಪ್ಪು! ಸಮುದ್ರದ ಯಾವುದೋ ಖಾಡಿಯ ದಂಡೆಯಿಂದ ತುಂಬಿಕೊಂಡು ಬಂದಿದ್ದರು. ಲಾರಿಯವನು "ಕ್ಯಾ ಮಿಸ್ತ್ರಿ, ರೇತೀ ಖಾತಾ ಹೈ?" ಎಂದು, ಮರಳು ತಿನ್ನುವವನನ್ನು ಕಂಡ ಹಾಗೆ ಗೇಲಿ ಮಾಡಿದ. ಬಾಯಿಗೆ ಬಂದಂತೆ ಬೈದು ವಾಪಸು ಕಳಿಸಿದೆ. ಸಿಹಿನೀರಿನ ಮರಳು ಬರುವಷ್ಟರಲ್ಲಿ ನಾಲ್ಕು ದಿನ ಹೋದವು. ಘಮೇಲಾ ಎನ್ನುವ ಕಬ್ಬಿಣದ ಬಾಣಲೆಯಲ್ಲಿ ಅಳೆದು ಒಂದು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ ಹಾಕಿಸಿದೆ. ನೀರು ಮಾತ್ರ ನನ್ನ ಕೈಯಿಂದಲೇ ಹಾಕುತ್ತಿದ್ದೆ. ಕೂಲಿಯವರಿಗೆ ಬಿಟ್ಟರೆ ಕಲಸಲು ಸುಲಭವಾಗಲಿ ಎಂದು ಗಂಜಿ ಮಾಡಿಬಿಡುತ್ತಾರೆ.

ಮೊದಲ ಹನ್ನೊಂದು ಕಂಬ ತೂಗುಗುಂಡು ಹಿಡಿದು ನಿಲ್ಲಿಸಿ, ಎರಡೆರಡು ಕಡೆ ಆಸರೆ ಕೊಟ್ಟು, ಸಯನ್‌ಗೆ ಹೋದೆ. ಮಾರನೆಯ ದಿನ ಭಾನುವಾರ. ಸೋಮವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಆ ಹನ್ನೊಂದು ಕಂಬಕ್ಕೂ ಹಗ್ಗ! ಹಗ್ಗದ ತುಂಬ ಒದ್ದೆ ಸೀರೆ, ಧೋತರ, ಕೌದಿ. ಆಸರೆಯ ಕೋಲುಗಳನ್ನು ಬಟ್ಟೆಗೆ ಅಡ್ಡ ಆಗುತ್ತದೆಂದು ಕಿತ್ತು ಒಟ್ಟಿಗೆ ಒರಗಿಸಿಟ್ಟಿದ್ದರು. ಏಳು ಕಂಬ ಕ್ವಾರಿಯ ಗುಂಡಿಯ ಕಡೆಗೆ ವಾಲಿ, ಬುಡದ ಕಾಂಕ್ರೀಟು ಬಿರುಕು ಬಿಟ್ಟಿತ್ತು.

ನನ್ನ ಮೈ ಉರಿದುಹೋಯಿತು. "ಹೋಯ್! ಯಾರದ್ದಿದು? ಕಂಬ ಇನ್ನೂ ಗಟ್ಟಿ ಆಯ್ಲಿಲ್ಲ ಕಾಣಿ! ಬಿಚ್ಚಿ ಮೊದ್ಲು!" ಎಂದು ಚಾಳಿಗೆಲ್ಲ ಕೇಳುವಂತೆ ಕೂಗಿದೆ.

ಒಬ್ಬಳು ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದಳು. ಬಿಜಾಪುರದ ಕಡೆಯ ಸೀರೆ, ಹಣೆಯ ಮೇಲೆ ಕಾಸಗಲ ಕುಂಕುಮ. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ನನ್ನ ಸಿಟ್ಟಿಗೆ ಹೆದರುವುದಿರಲಿ, ಕಿಸಕ್ಕನೆ ನಕ್ಕಳು.

"ಯವ್ವಾ, ಇದ್ಯಾವ ಕನ್ನಡಪಾ! ಹಾಡಿಧಂಗ ಬೈತಾನಲ್ಲ. ಯಣ್ಣಾ, ಬೈಯೂದಿದ್ರ ಬೈ. ಅರಬಿ ಎಲ್ಲೆ ಒಣಗಸೂನು? ನಿನ್ನ ಕಂಬಕ್ಕೇನು ಬಂಗಾರ ಹಚ್ಚೀಯೇನು?"

"ಬಂಗಾರ ಅಲ್ಲ, ಸಿಮೆಂಟ್. ಏಳು ದಿನ ಅಲುಗಾಡ್ಸೂಕಾಗ. ಅಲುಗಿದ್ರೆ ಒಳಗೇ ಸಡಿಲ ಆತ್ತ್, ಮತ್ತೆ ಜನ್ಮದಲ್ಲಿ ಕೂಡೂದಿಲ್ಲ" ಎಂದೆ.

"ಇದನ್ನ ಮೊದಲ ಹೇಳಬೇಕಿಲ್ಲೊ?" ಎಂದು ತಾನೇ ಹಗ್ಗ ಬಿಚ್ಚತೊಡಗಿದಳು. ಉಳಿದ ಹೆಂಗಸರಿಗೂ ಕೂಗಿ ಬಿಚ್ಚಿಸಿದಳು. ಆ ಏಳು ಕಂಬ ಕಿತ್ತು, ಗಟ್ಟಿಯಾದ ಕಾಂಕ್ರೀಟನ್ನು ಒಡೆದು ತೆಗೆದು, ಮತ್ತೆ ನಿಲ್ಲಿಸಲು ನನಗೆ ಮೂರು ದಿನ ಹಿಡಿಯಿತು. ಆ ಮೂರೂ ದಿನ ನಾನು ಅವಳ ಕಡೆ ತಿರುಗಿ ನೋಡಲಿಲ್ಲ.

ನಾಲ್ಕನೆಯ ದಿನ ಒಂದು ವಿಚಿತ್ರ ಕಂಡೆ. ಕಾಂಕ್ರೀಟು ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡಬಾರದೆಂದು ಕಂಬದ ಬುಡಕ್ಕೆ ಗೋಣಿ ಸುತ್ತಿ ಆಗಾಗ ನೀರು ಹಾಕಬೇಕು. ಅಲ್ಲಿ ನೀರೆಂದರೆ ಚಾಳಿಗೆಲ್ಲ ಒಂದೇ ನಲ್ಲಿ, ಬೆಳಿಗ್ಗೆ ಒಂದು ಗಂಟೆ. ನಮ್ಮ ಪೀಪಾಯಿಯ ನೀರು ಕಲಸಲಿಕ್ಕೇ ಸಾಲುತ್ತಿರಲಿಲ್ಲ. ಗೋಣಿ ಒಣಗಿರುತ್ತದೆ ಎಂದು ಬೈದುಕೊಳ್ಳುತ್ತಲೇ ಬಂದರೆ ಎಲ್ಲ ಗೋಣಿಯೂ ತೊಪ್ಪೆಯಾಗಿತ್ತು. ಅವಳು ಪಾತ್ರೆ ತೊಳೆದ ನೀರು, ಬಟ್ಟೆ ಹಿಂಡಿದ ನೀರು ಎಲ್ಲವನ್ನೂ ಬಕೆಟ್ಟಿನಲ್ಲಿ ತಂದು ಕಂಬಕ್ಕೆ ಒಂದೊಂದು ತಂಬಿಗೆಯಂತೆ ಹಾಕುತ್ತಿದ್ದಳು.

"ಕೂಸಿಗೆ ಎರದಂಗ ಎರೀಬೇಕಲ್ಲ ನಿನ್ನ ಕಂಬಕ್ಕ" ಎಂದು ನಕ್ಕಳು. "ಹ್ವಾದ ವರ್ಷ ಆ ಹೋಟೆಲಿನಾಂವ ಬಿದ್ದಾಗ ಮ್ಯಾಲ ತಂದು ಇಲ್ಲೇ ಮಲಗಿಸಿದ್ರು. ನಾ ನೋಡೀನಿ. ಗಟ್ಟಿ ಬೇಲಿ ಆಗ್ಲಿ ಯಣ್ಣಾ."

ಅಂದಿನಿಂದ ನಾನು ಅವಳಿಗೆ ಅಣ್ಣನಾದೆ. ಮಧ್ಯಾಹ್ನ ನನ್ನ ಡಬ್ಬಿಯ ಅನ್ನ ನೋಡಿ, "ಇದನ್ನ ತಿಂದು ಹ್ಯಾಂಗ ಸುತ್ತಿಗಿ ಎತ್ತತಿ?" ಎಂದು ಹೀಯಾಳಿಸಿ ಒಂದು ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಇಟ್ಟು ಕೊಡುತ್ತಿದ್ದಳು. ಮಕ್ಕಳಿರಲಿಲ್ಲ. ಗಂಡ ಆಚೆ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ಮಧ್ಯಾಹ್ನದ ಬಿಡುವಿಗೆ ಕ್ವಾರಿಯ ಸೈರನ್ನು, ಅವರ ಭೊಂಗಾ, ಕೂಗಿದೊಡನೆ ಅವನಿಗೆ ಬುತ್ತಿ ಕಟ್ಟಿಕೊಂಡು, ತಲೆಯ ಮೇಲಿಟ್ಟುಕೊಂಡು, ಅಂಚಿನ ಕಾಲುದಾರಿ ಹಿಡಿದು ಹೋಗುತ್ತಿದ್ದಳು. ಅವಳ ಹಾಗೆ ಆ ದಾರಿಯಲ್ಲಿ ಹೋಗುವವರು ಇನ್ನಿಬ್ಬರೋ ಮೂವರೋ ಇದ್ದರು, ಉಳಿದವರಿಗೆ ಆ ಅಂಚೆಂದರೆ ಭಯ. ಅವರ ಗಂಡಂದಿರು ಬೆಳಿಗ್ಗೆಯೇ ಬುತ್ತಿ ಒಯ್ಯುತ್ತಿದ್ದರು.

ನಲವತ್ತೊಂದನೆಯ ಕಂಬಕ್ಕೆ ಬೇಲಿ ಆ ಕಾಲುದಾರಿಯ ಬಾಯಿಗೆ ಬಂತು. ಅವಳು ಬುತ್ತಿ ಇಳಿಸಿಕೊಂಡು ನಿಂತಳು.

"ಯಣ್ಣಾ, ಇಲ್ಲೂ ಮುಚ್ತಿ?"

"ಮುಚ್ಚದೆ ಎಂತ ಮಾಡೂದು? ಸಾಹೇಬ್ರ ಹುಕುಂ."

"ನಾ ಹ್ಯಾಂಗ ಹೋಗ್ಲಿ? ಸುತ್ತು ಹಾಕಿ ಹೋಗೂದ್ರಾಗ ಅವರ ಸುಟ್ಟಿ ಮುಗದಿರ್ತದ. ಎರಡನೇ ಭೊಂಗಾ ಆತಂದ್ರ ಒಳಗ ಬಿಡೂದಿಲ್ಲ, ಮದ್ದಿಟ್ಟು ಸುರಂಗ ಹಾರಸ್ತಾರ."

"ಬೆಳಿಗ್ಗೆಯೇ ಕಟ್ಟಿ ಕೊಡು ಮತ್ತೆ."

ಅವಳು ಬುತ್ತಿ ಎತ್ತಿಕೊಂಡು ಹೋದಳು. ಅಷ್ಟೆ. ಬೇಡಿಕೊಂಡಿದ್ದರೆ ನಾನು ಗದರಿಸಿ ಕಳಿಸುತ್ತಿದ್ದೆನೇನೋ. ಬಾಯಿಬಡಿಕಿ ಹೆಂಗಸು ಮಾತಿಲ್ಲದೆ ಹೋದದ್ದು ನನಗೆ ಚುಚ್ಚಿತು.

ನಮ್ಮ ಊರಿನಲ್ಲಿ ಬೇಲಿ ಎಂದರೆ ಅದರಲ್ಲಿ ಒಂದು ತಡಮೆ ಇರಲೇಬೇಕು. ಜನ ನಡೆದಾಡುವ ದಾರಿ ಬೇಲಿಗೆ ಅಡ್ಡ ಬಂದರೆ ಆ ಜಾಗದಲ್ಲಿ ಮೊಣಕಾಲೆತ್ತರಕ್ಕೆ ಒಂದು ಅಡ್ಡ ಹಲಗೆ, ಎರಡೂ ಬದಿಗೆ ಮೆಟ್ಟುಗಲ್ಲು. ಮನುಷ್ಯರು ಹತ್ತಿ ದಾಟುತ್ತಾರೆ, ದನ ದಾಟುವುದಿಲ್ಲ. ಎಂಥ ಜಗಳಗಂಟನ ಗದ್ದೆಯಾದರೂ ದಾರಿ ಮುಚ್ಚಿ ಬೇಲಿ ಹಾಕುವುದಿಲ್ಲ, ಹಾಕಿದರೆ ಊರೆಲ್ಲ ಶಾಪ ಹಾಕುತ್ತದೆ. ಅಪ್ಪನ ಜೊತೆ ಬೇಲಿ ಕೆಲಸಕ್ಕೆ ಹೋದಾಗಲೆಲ್ಲ ಮೊದಲು ತಡಮೆಯ ಜಾಗ ಗುರುತು ಮಾಡಿ ಆಮೇಲೆ ಕಂಬ ಎಣಿಸುತ್ತಿದ್ದೆವು. ನಲವತ್ತೆರಡನೆಯ ಕಂಬದ ಜಾಗದಲ್ಲಿ ನಿಂತು ಯೋಚಿಸಿದೆ. ಹೋಟೆಲಿನವನು ಬಿದ್ದದ್ದು ಕತ್ತಲಲ್ಲಿ. ಇವರು ಹೋಗುವುದು ಹಾಡುಹಗಲಿನಲ್ಲಿ, ದಿನಾ ಹೋಗುವ ದಾರಿ. ಅಡ್ಡ ಹಲಗೆ ಇದ್ದರೆ ಎಮ್ಮೆಯೂ ಹೋಗದು, ಗೊತ್ತಿಲ್ಲದ ಮನುಷ್ಯನಿಗೂ ಎಡವಿ ಎಚ್ಚರವಾದೀತು. ಸೂಪರ್‌ವೈಜರು ಆ ವಾರ ತಂಗಿಯ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದರು. ಕೇಳಿದ್ದರೆ ಬೇಡವೆನ್ನುತ್ತಿದ್ದರು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವರಿಲ್ಲದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ತಡಮೆ ಬಿಟ್ಟೆ. ಎರಡು ಕಂಬದ ನಡುವೆ ಮೂರಡಿ, ದಪ್ಪ ಹಲಗೆ, ಹೆಂಗಸರಿಗೆ ಸೀರೆ ಸಿಕ್ಕದಂತೆ ಹಲಗೆಯ ಮೂಲೆಗಳನ್ನು ಉಜ್ಜಿ ದುಂಡು ಮಾಡಿದೆ. ಎರಡೂ ಬದಿಗೆ ಚಪ್ಪಟೆ ಕಲ್ಲು ಕೂರಿಸಿದೆ. ಆ ಬೇಲಿಯಲ್ಲೆಲ್ಲ ಬಡಗಿಯ ಕೆಲಸ ಅನ್ನಿಸುವಂಥದ್ದು ಅದೊಂದೇ. ಅವಳು ಮೊದಲ ಸಲ ಹತ್ತಿ ಇಳಿದು, ಆಚೆ ನಿಂತು, "ಅಡ್ಡಿಯಿಲ್ಲೋ ಯಣ್ಣಾ, ಅರಮನಿ ಬಾಗಲಾ ಆತಿದು!" ಎಂದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಹೇಳಲು ನಾಚಿಕೆಯಾಗುತ್ತದೆ.

ಸೂಪರ್‌ವೈಜರು ಬಂದವರು ತಡಮೆ ನೋಡಿ ಮುಖ ಗಂಟಿಕ್ಕಿದರು. "ಬಡಿಗೇರ, ಚಲೋ ಮಾಡ್ಲಿಲ್ಲ" ಎಂದರು. ಕಂಬಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದರು. ಯಾವುದೂ ಕದಲಲಿಲ್ಲ. ಮೋಡ ಕಟ್ಟುತ್ತಿತ್ತು, ಅವರಿಗೂ ಕೆಲಸ ಮುಗಿಯಬೇಕಿತ್ತು. "ಇರ್ಲಿ, ಮುಂದ ನೋಡೂನು" ಎಂದು ಹೊರಟುಹೋದರು. ಮಳೆಗೆ ಮೂರು ದಿನ ಮೊದಲು ಅರವತ್ತೆರಡನೆಯ ಕಂಬಕ್ಕೆ ಅಡ್ಡಪಟ್ಟಿ ಕೂರಿಸಿ ನಾನು ಚೀಲ ಕಟ್ಟಿದೆ.

ಮಳೆ ಹಿಡಿದು ಮೂರನೆಯ ವಾರ ಇರಬೇಕು. ನಾನು ಸಾಂತಾಕ್ರೂಜಿನಲ್ಲಿ ಒಂದು ಬಿಲ್ಡಿಂಗಿನ ಬಾಗಿಲು ಕೂರಿಸುತ್ತಿದ್ದೆ. ಆ ರತ್ನಾಗಿರಿಯ ಅಣ್ಣತಮ್ಮಂದಿರಲ್ಲಿ ದೊಡ್ಡವನು ತೊಯ್ದು ತೊಪ್ಪೆಯಾಗಿ ಬಂದು ನಿಂತ. "ಮಿಸ್ತ್ರಿ, ತುಮ್ಹಾರಿ ಬೆಹನ್ ಗಿರ್ ಗಯಿ" ಎಂದ, ತಂಗಿ ಬಿದ್ದಳೆಂದು. ನನಗೆ ಒಡಹುಟ್ಟಿದ ತಂಗಿಯೇ ಇಲ್ಲ. ಆದರೂ ಯಾರೆಂದು ನಾನು ಕೇಳಲಿಲ್ಲ.

ನಾವು ಹೋಗುವಷ್ಟರಲ್ಲಿ ಅವಳನ್ನು ಮೇಲೆ ತಂದಿದ್ದರು. ಕಂಬಳಿ ಹೊದಿಸಿದ್ದರು. ಬೇಲಿಯ ಈಚೆಗೆ, ನಾನು ನಿಲ್ಲಿಸಿದ ಕಂಬಗಳ ಬುಡದಲ್ಲೇ ಮಲಗಿಸಿದ್ದರು. ಹೆಂಗಸರು ಅಳುತ್ತಿದ್ದರು. ನಾನು ಆಚೆ ನೋಡಿದೆ. ಕಾಲುದಾರಿಯ ನಡುವೆ ಎರಡಾಳಿನಷ್ಟು ಉದ್ದ ಮುರುಮು ಕುಸಿದು, ಕೆಳಗಿನ ಕರಿಬಂಡೆ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಮುರುಮು ಬಂಡೆಯ ಮೇಲೆ ಬರೇ ಒಂದಡಿ ಕೂತಿದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅರವತ್ತೆರಡು ಗುಂಡಿ ತೋಡಿಸಿ, ನೀರು ಹೊಯ್ದು, ಆ ನೀರು ಇಂಗದೆ ನಿಲ್ಲುವುದನ್ನು ಕಣ್ಣಾರೆ ಕಂಡವನು ನಾನು. ಕಂಬದ ಬುಡಕ್ಕೆ ನೀರು ನಿಂತರೆ ಏನಾಗುತ್ತದೆ ಎಂದು ಅಷ್ಟು ಯೋಚಿಸಿದೆ. ದಾರಿಯ ಬುಡಕ್ಕೆ ನೀರು ನಿಂತರೆ ಏನಾಗುತ್ತದೆ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ನಮ್ಮೂರಲ್ಲಿ ತಡಮೆ ದಾಟಿದರೆ ಗದ್ದೆಯ ಬದು, ಜಾರಿದರೆ ಕೆಸರು. ಆ ಬುದ್ಧಿಯನ್ನೇ ಇಲ್ಲಿಗೂ ತಂದಿದ್ದೆ.

ಅದಕ್ಕಿಂತ ದೊಡ್ಡದು ಆಮೇಲೆ ತಿಳಿಯಿತು. ಬೇಲಿ ಬರುವ ಮೊದಲು ಆ ದಾರಿಯಲ್ಲಿ ಹೋಗುತ್ತಿದ್ದವರು ಮೂರು ನಾಲ್ಕು ಹೆಂಗಸರು, ಅದೂ ಬೇಸಗೆಯಲ್ಲಿ ಮಾತ್ರ. ಮಳೆ ಬಂದರೆ ಅವರೂ ಹೆದರಿ ಬೆಳಿಗ್ಗೆಯೇ ಬುತ್ತಿ ಕಟ್ಟಿ ಕೊಡುತ್ತಿದ್ದರಂತೆ. ತಡಮೆ ಬಂದಮೇಲೆ ಅರ್ಧ ಚಾಳೇ ಅಲ್ಲಿ ದಾಟತೊಡಗಿತು, ಮಳೆಯಲ್ಲೂ. ಬೇಲಿ ಹಾಕಿದವರೇ ದಾಟಲು ಮೆಟ್ಟಿಲು ಇಟ್ಟುಕೊಟ್ಟಿದ್ದಾರೆ ಎಂದಮೇಲೆ ಅಲ್ಲಿ ಭಯವೇನು? ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಸೂಪರ್‌ವೈಜರು ನನ್ನನ್ನು ಬದಿಗೆ ಕರೆದರು. ಅವರ ಮುಖವೂ ಬಿಳಿಚಿಕೊಂಡಿತ್ತು. "ಬಡಿಗೇರ, ನೀವೇನೂ ಮಾತಾಡಬ್ಯಾಡ್ರಿ. ಚಾಳಿನ ಮಂದೀನ ಬೇಲಿ ಮುರದು ದಾರಿ ಮಾಡ್ಕೊಂಡಾರ ಅಂತ ಬರಸೂನು. ಇಲ್ಲಾಂದ್ರ ನಿಮಗೂ ತ್ರಾಸು, ನನಗೂ ತ್ರಾಸು."

"ಮೂಲೆ ಉಜ್ಜಿ ದುಂಡು ಮಾಡಿದ ಹಲಗೆ ಸಾಹೇಬ್ರೆ ಅದು" ಎಂದೆ. "ಮುರಿದವರು ಹಾಂಗೆ ಉಜ್ಜೂದಿಲ್ಲ."

ಪೋಲೀಸರು ಕೇಳಿದಾಗ ನಾನೇ ಬಿಟ್ಟದ್ದು ಎಂದೆ. ಅವರು ಬರೆದುಕೊಂಡರು. ಮಳೆಗೆ ನೆಲ ಕುಸಿದದ್ದು ಎಂದು ಮುಗಿಸಿದರು. ನನಗೆ ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಮೂರು ದಿನ ಸಯನ್‌ನ ಕೋಣೆಯಲ್ಲಿ ಬಿದ್ದುಕೊಂಡಿದ್ದೆ. ಜೊತೆಯವರು ಊಟಕ್ಕೆ ಎಬ್ಬಿಸಿದರೆ ಅವರ ಮೇಲೆ ಹರಿಹಾಯುತ್ತಿದ್ದೆ. ಎಷ್ಟು ತಲೆ ಕೆಡಿಸಿಕೊಂಡರೂ ಅವಳ ಗಂಡನ ಎದುರು ಹೋಗಿ ನಿಲ್ಲದೆ ಗತಿಯಿಲ್ಲ ಅನ್ನುವುದು ಖಚಿತವಾಯಿತು. ನಾಲ್ಕನೆಯ ದಿನ ಹೋದೆ. ಅವನು ಚಾಳಿನ ಹೊಸ್ತಿಲಲ್ಲಿ ಕೂತಿದ್ದ. ಗಟ್ಟಿಮುಟ್ಟಾದ ಆಳು, ಮೈಕೈಗೆಲ್ಲ ಕಲ್ಲಿನ ಚೂರು ಸಿಡಿದ ಕಲೆ. ನಾನು ಕೂರಲಿಲ್ಲ.

"ಆ ತಡಮೆ ಬಿಟ್ಟದ್ದು ನಾನು. ಯಾರೂ ಹೇಳ್ಲಿಲ್ಲ, ನಾನೇ ಬಿಟ್ಟದ್ದು. ನಿಮ್ಮ ಕಾಲಿಗೆ ಬೀಳ್ತೆ" ಎಂದೆ.

ಅವನು ಹೊಸ್ತಿಲ ಮೇಲೆ ಸರಿದು ನನಗೆ ಜಾಗ ಬಿಟ್ಟ.

"ಗೊತ್ತೈತ್ರಿ" ಎಂದ. "ನಮ್ಮಣ್ಣ ನನಗಂತ ದಾರಿ ಇಟ್ಟಾನ ಅಂತ ಎಲ್ಲಾರ ಮುಂದೂ ಹೇಳ್ಕೊಂತ ತಿರಗ್ಯಾಡ್ತಿದ್ಲು."

ಬಯ್ದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ ಗೋಡೆಗೆ ಒರಗಿ ಕೂತು ಅತ್ತೆ. ಅವನು ಅಳಲಿಲ್ಲ. ತಾನಾಗಿಯೇ ಹೇಳಿದ, ಯಾರಿಗೋ ಹೇಳುವ ಹಾಗೆ. "ನಾ ಕೈ ತೊಳಕೊಂಡು ಆಚಿ ಕಡೆ ನಿಂತಿದ್ನಿ. ನನ್ನ ಕಂಡು ಒಂದು ಕೈ ಎತ್ತಿದ್ಲು. ಆಮ್ಯಾಲ ಕಾಲ ಕೆಳಗ ನೆಲಾನ ಇಲ್ಲ."

ನಾನು ಹೊರಡಲು ಎದ್ದಾಗ ಹೊರಗೆ ನೋಡಿದೆ. ಸೂಪರ್‌ವೈಜರು ತಡಮೆಗೆ ಅಡ್ಡವಾಗಿ ಜಾಲಿಮುಳ್ಳು ಕಟ್ಟಿಸಿದ್ದರು. ಆಗಲೇ ಯಾರೋ ಅದನ್ನು ಬದಿಗೆ ಸರಿಸಿದ್ದರು. ಕುಸಿದ ಜಾಗದಲ್ಲಿ ಒಂದು ಪಾದ ಊರುವಷ್ಟು ಅಗಲ ಉಳಿದಿತ್ತು. ಅದರ ಮೇಲೆ ಹಸಿ ಹೆಜ್ಜೆ ಕಾಣುತ್ತಿತ್ತು. ಅವನೂ ನೋಡಿದ.

"ನಾಳೆ ಬತ್ತೆ" ಎಂದೆ. "ಒಂದು ಕಂಬ ತತ್ತೆ."

ಮಾರನೆಯ ದಿನ ಬೇಲಿಗೆ ತಂದು ಮಿಕ್ಕಿದ್ದ ಐನ್ ಕಂಬಗಳಲ್ಲಿ ಒಂದನ್ನು ಆರಿಸಿ ಹೆಗಲ ಮೇಲೆ ಹೊತ್ತುಕೊಂಡೆ. ಸಿಮೆಂಟು ಒಂದು ಮುಚ್ಚಳದ ಡಬ್ಬದಲ್ಲಿ, ಒಣ ಮರಳು ಚೀಲದಲ್ಲಿ. ಕೂಲಿಯವರನ್ನು ಕರೆಯಲಿಲ್ಲ. ತಡಮೆಯ ಹಲಗೆ ಕೀಳಲು ಹೋದೆ. ಎಷ್ಟು ಬಿಗಿಯಾಗಿ ಕೂರಿಸಿದ್ದೆನೋ, ಬರಲಿಲ್ಲ, ಗರಗಸದಲ್ಲಿ ಕೊಯ್ಯಬೇಕಾಯಿತು. ನಡುವೆ ಗುಂಡಿ ತೋಡಲು ಹಾರೆ ಎತ್ತಿದರೆ ಯಾರೋ ಹಿಂದಿನಿಂದ ಕೈ ಹಿಡಿದರು. ಅವನು. ಇನ್ನೊಂದು ಕೈಯಲ್ಲಿ ಚಾಣ, ಸುತ್ತಿಗೆ.

"ನೀವು ಸರೀರಿ. ಕಲ್ಲಿನ ಕೆಲಸ ನಂದು" ಎಂದ.

ನಮ್ಮ ಕೂಲಿಯವರಿಗೆ ಅರ್ಧ ದಿನ ಹಿಡಿಯುತ್ತಿದ್ದ ಗುಂಡಿಯನ್ನು ಅವನು ಒಂದೂವರೆ ಗಂಟೆಯಲ್ಲಿ ಕೊರೆದ. ಒಂದು ಪೆಟ್ಟೂ ದಂಡವಾಗಲಿಲ್ಲ. ಮಳೆ ಜಿನುಗುತ್ತಿತ್ತು. ನಾಲ್ಕು ಕೋಲು ನೆಟ್ಟು ಮೇಲೆ ತಗಡು ಹೊದಿಸಿದೆ. ಗುಂಡಿಯ ನೀರನ್ನು ಡಬ್ಬದಲ್ಲಿ ಮೊಗೆದು, ಗೋಣಿಯಲ್ಲಿ ಒರೆಸಿ, ಒಡೆದ ಕಲ್ಲು ತುಂಬಿದೆ. ಬುಡ ನೋಡಿ ಕಂಬ ಇಳಿಸಿದೆವು. ನಾನು ತೂಗುಗುಂಡು ಹಿಡಿದು ಎಡಕ್ಕೆ, ಬಲಕ್ಕೆ ಎಂದಾಗ ಅವನು ಕೂದಲೆಳೆಯಷ್ಟು ಸರಿಸಿದ. ಮಳೆಯ ತೇವ ಸಾಕೆಂದು ನೀರು ಕಡಿಮೆ ಹಾಕಿ ಗಟ್ಟಿಯಾಗಿ ಕಲಸಿದೆ. ಸುತ್ತಲೂ ಸ್ವಲ್ಪ ಸ್ವಲ್ಪ ತುಂಬಿ ಕೋಲಿನಿಂದ ಕುಟ್ಟಿದೆ. ಆಸರೆ ಕೊಡಲು ಅತ್ತಿತ್ತ ನೆಲ ಮೆತ್ತಗಾಗಿತ್ತು, ಕೋಲು ನಿಲ್ಲುತ್ತಿರಲಿಲ್ಲ.

"ನಾ ಹಿಡೀತೀನ್ರಿ" ಎಂದ ಅವನು. "ಎಷ್ಟ ಹೊತ್ತು?"

"ಒಂದೆರಡು ಗಂಟೆ ಆದ್ರೂ ಬೇಕು. ಅಲುಗೂಕಾಗ. ಅಲುಗಿದ್ರೆ ಒಳಗೆ ಸಡಿಲ ಆತ್ತ್."

ಅವನು ಎರಡೂ ಕೈಯಲ್ಲಿ ಕಂಬ ಹಿಡಿದು ನಿಂತ. ನಾನು ಎದುರಿಗೆ ಇನ್ನೊಂದು ಬದಿಯಿಂದ ಹಿಡಿದೆ. ಅಷ್ಟರಲ್ಲಿ ಚಾಳಿನಿಂದ ಒಬ್ಬಳು ಹೆಂಗಸು ತಲೆಯ ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಬುತ್ತಿ ಹಿಡಿದು ದುಡುದುಡು ಬಂದಳು. ನಮ್ಮನ್ನು ನೋಡಿ ನಿಂತಳು.

"ಇನ್ನೂ ಹಸಿ ಐತಲ್ಲ. ಬಾಜೂಕ ಹಾಯ್ದು ಹೋಗ್ತೀನಿ, ಸರೀರಿ" ಎಂದಳು ನನಗೆ.

"ಇಲ್ಲ ತಾಯಿ. ಇಲ್ಲಿ ಇನ್ನು ದಾರಿ ಇಲ್ಲ."

"ನೀನ ಇಟ್ಟಿ, ನೀನ ಮುಚ್ಚತಿ? ಇವತ್ತೊಂದಿನ ಬಿಡು. ಅವರು ಹಸದು ಕುಂತಿರ್ತಾರ. ಗುಡ್ಡದ ಗ್ವಾಡಿ ಹಿಡದು ಹೋದ್ರ ಏನೂ ಆಗೂದಿಲ್ಲ."

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಆಗ ಅವನು ಕಂಬದಿಂದ ಮುಖ ತಿರುಗಿಸಿದ.

"ಸುತ್ತಿ ಹೋಗವ್ವಾ" ಎಂದ. "ಅಂವಗ ನಾ ಹೇಳ್ತೀನಿ. ಇವತ್ತೊಂದಿನ ಹಸದಿರ್ಲಿ."

ಅವಳು ಅವನ ಮುಖ ನೋಡಿ ಹಿಂದಕ್ಕೆ ಸರಿದಳು. ಗೊಣಗುತ್ತ ಬೇಲಿಯ ಗುಂಟ ರಸ್ತೆಯ ಕಡೆ ನಡೆದಳು. ಅವನು ಅವಳನ್ನೇ ನೋಡುತ್ತ ನಿಂತ. ರಸ್ತೆಯ ತಿರುವಿನಲ್ಲಿ ಅವಳು ಮರೆಯಾದಳು. ಬಹಳ ಹೊತ್ತು ಕಾಣಲಿಲ್ಲ. ಅವನ ಕಣ್ಣು ಆಚೆ ದಡದಲ್ಲೇ ನೆಟ್ಟಿತ್ತು. ನನ್ನ ಕೈ ಮರಗಟ್ಟಿತ್ತು, ಆದರೂ ನಾನೂ ಅಲ್ಲಿಯೇ ನೋಡುತ್ತಿದ್ದೆ. ಕೊನೆಗೆ ಆಚೆ ಬದಿಯ ಕಲ್ಲಿನ ರಾಶಿಯ ಹಿಂದಿನಿಂದ ಆ ಗೋಣಿಯ ಕೊಪ್ಪೆ ಕಾಣಿಸಿತು. ಒಬ್ಬ ಗಂಡಸು ಎದ್ದು ಬಂದು ಅವಳ ಕೈಯಿಂದ ಬುತ್ತಿ ಇಸಿದುಕೊಂಡ.

ಆಗ ಅವನು ಅತ್ತ. ಅಷ್ಟು ದಿನ ಅಳದವನು, ದೊಡ್ಡ ದನಿ ತೆಗೆದು, ಹೆಗಲು ಕುಲುಕುವಂತೆ ಅತ್ತ. "ಬಿಡಿ, ಸಾಕು, ನಾನು ಹಿಡ್ಕಣ್ತೆ" ಎಂದೆ. ಅವನು ಬಿಡಲಿಲ್ಲ. ಎರಡೂ ತೋಳು ಬಿಗಿಹಿಡಿದು, ಕಂಬ ಒಂದಿಷ್ಟೂ ಅಲುಗದ ಹಾಗೆ ನೋಡಿಕೊಳ್ಳುತ್ತಲೇ ಅಳುತ್ತಿದ್ದ.